ಲಾಭ, ಎರಡು, ಮೂರು

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಹೂವಿನ ಬುಟ್ಟಿ, ಪಾತ್ರೆ ಅಂಗಡಿ, ಬಟ್ಟೆ ಅಂಗಡಿಗಳ ನಡುವೆ ದಾರಿ ಮಾಡಿಕೊಂಡು ಒಂದು ಅಡ್ಡರಸ್ತೆಗೆ ತಿರುಗಿದರೆ ನಮ್ಮ ಹಳೆಯ ಮನೆ. ಹಿಂದೆ ಅಡಿಕೆ ಚೀಲ ಪೇರಿಸಿಡುತ್ತಿದ್ದ ಮಹಡಿಯ ಕೋಣೆಯಲ್ಲಿ ಈಗ, ಕಂಪ್ಯೂಟರು ಹೇಳಿದಂತೆ ಸರಿದು ಕೊರೆಯುವ ಒಂದು ಸಣ್ಣ ಸಿಎನ್‌ಸಿ ಯಂತ್ರ ಕೂತಿದೆ. ಅಲ್ಯೂಮಿನಿಯಂ ಚೌಕಟ್ಟು, ಮೂರು ದಿಕ್ಕಿಗೆ ಮೂರು ಸ್ಕ್ರೂ, ಮರ ಕೊರೆಯಲು ಬಡಗಿಗಳು ಬಳಸುವಂಥ ಒಂದು ಟ್ರಿಮ್ಮರ್. ಹಲಸಿನ ಹಲಗೆಯಲ್ಲಿ ಅಳಗುಳಿ ಮಣೆ ಕೊರೆಯಬೇಕು ಎಂಬ ಆಸೆಯಿಂದ ಬಿಡಿಭಾಗ ತರಿಸಿ ಜೋಡಿಸಿದ್ದು.

ಜೋಡಿಸುವಾಗ ಭದ್ರಾವತಿಯ ನ್ಯೂಟೌನಿನಿಂದ ನನ್ನ ಸೋದರಮಾವ ಬಂದಿದ್ದರು. ಕಬ್ಬಿಣದ ಕಾರ್ಖಾನೆಯ ಮಷೀನ್ ಶಾಪಿನಲ್ಲಿ ಟರ್ನರ್ ಆಗಿದ್ದು ನಿವೃತ್ತರಾದವರು. ಯಂತ್ರದ ಸುತ್ತ ಒಂದು ಸುತ್ತು ಬಂದು, ಸ್ಕ್ರೂವಿನ ತುದಿಯಲ್ಲಿದ್ದ ಮೋಟರನ್ನು ಬೆರಳಿನಿಂದ ತಟ್ಟಿ ಕೇಳಿದರು:

“ಇದಕ್ಕೆ ತಾನೆಲ್ಲಿದೀನಿ ಅಂತ ಗೊತ್ತಾಗುತ್ತೇನೋ?”

“ಇಲ್ಲ ಮಾವ. ಎಷ್ಟು ಹೆಜ್ಜೆ ಹಾಕಿದೆ ಅಂತ ಮಾತ್ರ ಲೆಕ್ಕ ಇಟ್ಕೊಂಡಿರುತ್ತೆ.”

“ಒಂದ್ ಹೆಜ್ಜೆ ತಪ್ಪಿದ್ರೆ?”

“ತಪ್ಪಿದ್ದೂ ಗೊತ್ತಾಗಲ್ಲ.”

ಮಾವನ ಮುಖದಲ್ಲಿ ಅಪನಂಬಿಕೆ ಎದ್ದು ಕಾಣುತ್ತಿತ್ತು. ಅವರು ಕೇಳಿದ್ದು ಇಡೀ ವಿಷಯದ ಬುಡಕ್ಕೆ ಹೋಗುವ ಪ್ರಶ್ನೆ. ಮನೆಯಲ್ಲಿ ಕಟ್ಟುವ ಸಿಎನ್‌ಸಿ ಯಂತ್ರದ ಜೋಡಣೆ, ವೈರಿಂಗು, ಅರ್ತಿಂಗು ಎಲ್ಲವನ್ನೂ ಈ ಒಂದು ಪ್ರಶ್ನೆಯಿಂದ ಶುರು ಮಾಡಿದರೆ ಸುಲಭವಾಗಿ ಅರ್ಥವಾಗುತ್ತದೆ ಎಂದು ನನಗೆ ಈಗ ಅನ್ನಿಸುತ್ತದೆ.

ಕಣದಲ್ಲಿ ಭತ್ತ ಅಳೆಯುವುದನ್ನು ನೋಡಿದವರಿಗೆ ಇದು ಹೊಸತಲ್ಲ. ಕೊಳಗ ತುಂಬಿ ಸುರಿಯುವವನು ಒಂದು ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾನೆ. ಲಾಭ, ಎರಡು, ಮೂರು. ಸುರಿದ ರಾಶಿಯನ್ನು ನೋಡಿ ಅದು ಎಷ್ಟು ಕೊಳಗ ಎಂದು ಯಾರೂ ಹೇಳಲಾರರು. ಲೆಕ್ಕ ಇರುವುದು ಬಾಯಲ್ಲಿ. ನಡುವೆ ಯಾರೋ ಮಾತಾಡಿಸಿ ಹದಿನೇಳು ಎನ್ನುವುದನ್ನು ಎರಡು ಸಲ ಹೇಳಿದರೆ, ಅಲ್ಲಿಂದ ಮುಂದಿನ ಲೆಕ್ಕವೆಲ್ಲ ಒಂದು ಕೊಳಗ ಕಡಿಮೆ. ಕೊನೆಯವರೆಗೂ ಆ ತಪ್ಪು ತಾನಾಗಿ ಸರಿಹೋಗುವುದಿಲ್ಲ. ನಮ್ಮ ಯಂತ್ರವೂ ಹಾಗೆಯೇ ಅಳೆಯುತ್ತದೆ, ಆದರೆ ಒಂದು ಸೆಕೆಂಡಿಗೆ ಸಾವಿರಾರು ಸಲ.

ಎಲ್ಲ ಸಿಎನ್‌ಸಿ ಯಂತ್ರಗಳೂ ಹೀಗೆ ಕುರುಡಲ್ಲ. ಹೆಲಿಕಾಪ್ಟರ್ ರೆಕ್ಕೆಗಳ ಅಚ್ಚು ನಿಖರವಾಗಿ ಕೊರೆಯಬೇಕೆಂಬ ಹಟದಿಂದ ಜಾನ್ ಪಾರ್ಸನ್ಸ್ ಎಂಬ ಅಮೆರಿಕದ ಉದ್ಯಮಿ ಹುಟ್ಟುಹಾಕಿದ ಆಲೋಚನೆ ಎಂಐಟಿಯ ಸರ್ವೋಮೆಕ್ಯಾನಿಸಂ ಪ್ರಯೋಗಾಲಯ ತಲುಪಿತು. 1952ರಲ್ಲಿ ಆ ಪ್ರಯೋಗಾಲಯದವರು ಸಿನ್ಸಿನಾಟಿ ಕಂಪನಿಯ ಒಂದು ಮಿಲ್ಲಿಂಗ್ ಯಂತ್ರವನ್ನು ತೂತು ಕೊರೆದ ಕಾಗದದ ಪಟ್ಟಿಯಿಂದ ಓಡಿಸಿ ತೋರಿಸಿದರು. ಬೀರುಗಳ ತುಂಬ ರೇಡಿಯೋ ವಾಲ್ವು, ರಿಲೇಗಳು. ಆ ಯಂತ್ರಕ್ಕೆ ಕಣ್ಣಿತ್ತು. ಮೇಜು ನಿಜವಾಗಿ ಎಷ್ಟು ಸರಿಯಿತು ಎಂಬುದನ್ನು ಅಳೆದು, ಬೇಕಾದಷ್ಟು ಸರಿದಿಲ್ಲದಿದ್ದರೆ ಇನ್ನಷ್ಟು ತಳ್ಳುವ ವ್ಯವಸ್ಥೆ ಅದರಲ್ಲೇ ಇತ್ತು. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಎರಕದ ಬಿಡಿಭಾಗಗಳನ್ನು ಕಡೆಯುವ ದೊಡ್ಡ ಸಿಎನ್‌ಸಿಗಳೂ ಅದೇ ವಂಶದವು. ಮೋಟರಿನ ಬೆನ್ನಿಗೇ ಎನ್ಕೋಡರ್ ಇರುತ್ತದೆ. ಮೋಟರು ಎಷ್ಟು ತಿರುಗಿತು ಎಂಬುದನ್ನು ಅದು ಕ್ಷಣಕ್ಷಣಕ್ಕೂ ವರದಿ ಮಾಡುತ್ತದೆ. ಮನೆಯ ಯಂತ್ರಕ್ಕೆ ಅಷ್ಟು ದುಡ್ಡು ಹಾಕಲಾಗುವುದಿಲ್ಲ. ಅದು ನಂಬಿಕೆಯ ಮೇಲೆ ನಡೆಯುತ್ತದೆ. ಆ ನಂಬಿಕೆ ಕೆಡದ ಹಾಗೆ ನೋಡಿಕೊಳ್ಳುವುದು ಕಟ್ಟುವವರ ಕೆಲಸ.

ಭದ್ರಾವತಿಗೆ ಲೋಹದ ಕೆಲಸ ಬಂದದ್ದು ಎಂಐಟಿಯ ಆ ಯಂತ್ರಕ್ಕಿಂತ ಬಹಳ ಹಿಂದೆ. 1918ರಲ್ಲಿ ಮೈಸೂರು ಸಂಸ್ಥಾನ ಶುರು ಮಾಡಿದ ಕಬ್ಬಿಣದ ಕಾರ್ಖಾನೆಯಲ್ಲಿ 1923ರಲ್ಲಿ ಕುಲುಮೆ ಹೊತ್ತಿತು. ಅದಿರು ಕೆಮ್ಮಣ್ಣುಗುಂಡಿಯಿಂದ, ಬೆಂಕಿ ಮಲೆನಾಡಿನ ಮರದ ಇದ್ದಿಲಿನಿಂದ. ಅದೇ ವರ್ಷ ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಳಿಯ ಅಧ್ಯಕ್ಷರಾದರು. ಮುಂದೆ ಕಾರ್ಖಾನೆಗೆ ಅವರ ಹೆಸರೇ ಬಂತು. ಊರಿನವರ ಬಾಯಲ್ಲಿ ಅದು ವಿಐಎಸ್‌ಎಲ್. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಮಾವನ ಮನೆಯಲ್ಲಿ ಆ ದಿನಗಳಲ್ಲಿ ಬೇರೆ ಮಾತೇ ಇರಲಿಲ್ಲ. ನಾಲ್ಕು ತಲೆಮಾರುಗಳ ಕೈಗಳು ಆ ಊರಿನಲ್ಲಿ ಲೋಹವನ್ನು ಅಳೆಯಲು ಕಲಿತಿವೆ. ಆ ಕೈಗಳಿಗೆ ಗೊತ್ತಿರುವುದು ಎಷ್ಟೋ ಸಲ ಪುಸ್ತಕದಲ್ಲಿ ಸಿಗುವುದಿಲ್ಲ. ಈ ಯಂತ್ರ ಕಟ್ಟುವಾಗ ಅದನ್ನು ಕಣ್ಣಾರೆ ಕಂಡೆ.

ಮೊದಲು ಮೋಟರು. ಫ್ಯಾನಿನ ಮೋಟರು ಕರೆಂಟು ಕೊಟ್ಟರೆ ಸುಮ್ಮನೆ ತಿರುಗುತ್ತಲೇ ಇರುತ್ತದೆ. ಸ್ಟೆಪ್ಪರ್ ಮೋಟರು ಹಾಗಲ್ಲ. ಕರೆಂಟು ಕೊಟ್ಟರೆ ಒಂದು ಕಡೆ ಗಟ್ಟಿಯಾಗಿ ನಿಂತುಬಿಡುತ್ತದೆ, ಕೈಯಿಂದ ತಿರುಗಿಸಿದರೂ ಜಗ್ಗುವುದಿಲ್ಲ. ಒಳಗೆ ಎರಡು ಸುರುಳಿಗಳ ಗುಂಪು, ನಡುವೆ ಅಯಸ್ಕಾಂತವನ್ನು ಅಪ್ಪಿಕೊಂಡ, ಅಂಚಿನಲ್ಲಿ 50 ಹಲ್ಲುಗಳಿರುವ ರೋಟರು. ಒಂದು ಸುರುಳಿಗೆ ಕರೆಂಟು ಹೋದಾಗ ಹತ್ತಿರದ ಹಲ್ಲುಗಳು ಅದಕ್ಕೆ ಎದುರಾಗಿ ಕೂರುತ್ತವೆ. ಇನ್ನೊಂದಕ್ಕೆ ಹೋದಾಗ ಹಲ್ಲಿನ ಕಾಲುಭಾಗದಷ್ಟು ಸರಿಯುತ್ತವೆ. ಮೊದಲನೆಯದಕ್ಕೆ ಕರೆಂಟನ್ನು ತಿರುಗಿಸಿ ಕೊಟ್ಟರೆ ಇನ್ನೊಂದು ಕಾಲು, ಎರಡನೆಯದಕ್ಕೂ ತಿರುಗಿಸಿ ಕೊಟ್ಟರೆ ಮತ್ತೊಂದು. ನಾಲ್ಕು ಸಲಕ್ಕೆ ಒಂದು ಹಲ್ಲು ದಾಟಿತು. 50 ಹಲ್ಲಿಗೆ 200 ಹೆಜ್ಜೆ. ಒಂದು ಹೆಜ್ಜೆಗೆ 1.8 ಡಿಗ್ರಿ.

ಹೆಜ್ಜೆಯನ್ನು ಇನ್ನೂ ಸಣ್ಣದು ಮಾಡಬಹುದು. ತೇರಿಗೆ ಎರಡು ಹಗ್ಗ ಕಟ್ಟಿ ಇಬ್ಬರು ಬೇರೆಬೇರೆ ದಿಕ್ಕಿಗೆ ಎಳೆದರೆ, ಯಾರು ಹೆಚ್ಚು ಎಳೆಯುತ್ತಾರೋ ಅವರ ಕಡೆಗೆ ತೇರು ವಾಲುತ್ತದಲ್ಲ? ಎರಡೂ ಸುರುಳಿಗೆ ಒಟ್ಟಿಗೆ ಕರೆಂಟು ಕೊಟ್ಟು, ಒಂದರಲ್ಲಿ ಇಳಿಸುತ್ತ ಇನ್ನೊಂದರಲ್ಲಿ ಏರಿಸುತ್ತ ಹೋದರೆ ರೋಟರು ಎರಡರ ನಡುವೆ ಎಲ್ಲಿ ಬೇಕಾದರೂ ನಿಲ್ಲುತ್ತದೆ. ಒಂದು ಹೆಜ್ಜೆಯನ್ನು ಎಂಟು ಮಾಡಿದರೆ ಸುತ್ತಿಗೆ 1600. ನನ್ನ ಯಂತ್ರದ ಸ್ಕ್ರೂ ಒಂದು ಸುತ್ತು ತಿರುಗಿದರೆ 5 ಮಿಲಿಮೀಟರ್ ಸಾಗುತ್ತದೆ. ಅಂದರೆ ಮಿಲಿಮೀಟರಿಗೆ 320 ಹೆಜ್ಜೆ, ಹೆಜ್ಜೆಗೆ ಸುಮಾರು 3 ಮೈಕ್ರಾನ್. ತಲೆಕೂದಲಿನ ದಪ್ಪದ ಇಪ್ಪತ್ತನೆಯ ಒಂದು ಭಾಗದ ಹತ್ತಿರಕ್ಕೆ ಬಂದೆವು. ಹೆಜ್ಜೆ ಇಷ್ಟು ಸಣ್ಣದಾಯಿತೆಂದು ಯಂತ್ರ ಅಷ್ಟೇ ನಿಖರವಾಗಿ ಕೊರೆಯುತ್ತದೆ ಎಂದುಕೊಳ್ಳಬಾರದು. ಭಾರ ಬಿದ್ದಾಗ ಈ ನಡುವಿನ ಹೆಜ್ಜೆಗಳು ಸ್ವಲ್ಪ ಸೋಲುತ್ತವೆ. ಆದರೆ ಓಟ ನುಣುಪಾಗುತ್ತದೆ, ಸದ್ದು ಇಳಿಯುತ್ತದೆ.

ಮೂರು ಮೋಟರುಗಳನ್ನು ಒಟ್ಟಿಗೆ ಹೆಜ್ಜೆ ಹಾಕಿಸುವುದು ಅಂಗೈಯಷ್ಟಗಲದ ಆರ್ಡುಯಿನೊ ಯುನೊ ಬೋರ್ಡು. ಅದರ ಚಿಪ್ಪಿನಲ್ಲಿರುವ ಕೆಲಸದ ನೆನಪು ಬರೀ 2 ಕಿಲೋಬೈಟ್. ಇವತ್ತಿನ ಫೋನಿನ ಎದುರು ಏನೇನೂ ಅಲ್ಲ. ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್ರುಡ್ 2009ರಲ್ಲಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ, ಆಮೇಲೆ ಹಲವರ ಕೈಯಲ್ಲಿ ಬೆಳೆದ ಗ್ರಬಲ್ ಎಂಬ ತಂತ್ರಾಂಶ ಅಷ್ಟು ಚಿಕ್ಕ ಜಾಗದಲ್ಲೇ ಸಂಸಾರ ನಡೆಸುತ್ತದೆ. ಸೆಕೆಂಡಿಗೆ 30,000 ಹೆಜ್ಜೆಯವರೆಗೂ ಹಾಕಿಸಬಲ್ಲದು. ಅದು ಹೇಗೆ ಎನ್ನುವುದು ಈ ಯಂತ್ರದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ.

ಎಕ್ಸ್ ದಿಕ್ಕಿಗೆ 100 ಹೆಜ್ಜೆ, ವೈ ದಿಕ್ಕಿಗೆ 37 ಹೆಜ್ಜೆ ಹೋಗಬೇಕು, ಗೆರೆ ನೇರವಾಗಿರಬೇಕು ಎನ್ನಿ. ಭಾಗಾಕಾರ ಮಾಡುತ್ತ ಕೂತರೆ ಇಷ್ಟು ಸಣ್ಣ ಚಿಪ್ಪಿಗೆ ಹೊತ್ತು ಸಾಲದು. ಅದು ಮಾಡುವುದು ಚಿಲ್ಲರೆ ಕೂಡಿಡುವ ಕೆಲಸ. ಎಕ್ಸ್ ಒಂದು ಹೆಜ್ಜೆ ಇಟ್ಟಾಗಲೆಲ್ಲ ಡಬ್ಬಿಗೆ 37 ಪೈಸೆ ಹಾಕು. ಡಬ್ಬಿಯಲ್ಲಿ ರೂಪಾಯಿ ತುಂಬಿದ ತಕ್ಷಣ ಒಂದು ರೂಪಾಯಿ ತೆಗೆದು ವೈಗೆ ಒಂದು ಹೆಜ್ಜೆ ಇಡಿಸು, ಉಳಿದ ಚಿಲ್ಲರೆ ಡಬ್ಬಿಯಲ್ಲೇ ಇರಲಿ. 37, 74, 111: ಮೂರನೆಯ ಸಲಕ್ಕೆ ರೂಪಾಯಿ ದಾಟಿತು, ವೈ ಒಂದು ಹೆಜ್ಜೆ ಇಟ್ಟಿತು, 11 ಪೈಸೆ ಉಳಿಯಿತು. ಹೀಗೇ ನೂರು ಹೆಜ್ಜೆ ಮುಗಿದಾಗ ಡಬ್ಬಿಗೆ ಬಿದ್ದದ್ದು 3,700 ಪೈಸೆ. ವೈ ಇಟ್ಟದ್ದು ಸರಿಯಾಗಿ 37 ಹೆಜ್ಜೆ. ಡಬ್ಬಿ ಖಾಲಿ, ಒಂದು ಪೈಸೆ ಆಚೀಚೆ ಇಲ್ಲ. ಬರೀ ಕೂಡುವುದು, ಕಳೆಯುವುದು. ಐಬಿಎಂನ ಜಾಕ್ ಬ್ರೆಸೆನ್‌ಹ್ಯಾಮ್ 1962ರಲ್ಲಿ, ಪೆನ್ನಿನಿಂದ ಚಿತ್ರ ಬರೆಯುವ ಪ್ಲಾಟರ್ ಯಂತ್ರಕ್ಕಾಗಿ ಈ ಉಪಾಯ ಕಂಡುಕೊಂಡರು. ಅರವತ್ತು ವರ್ಷ ದಾಟಿದ ಮೇಲೂ ಗಾಂಧಿ ಬಜಾರಿನ ಮಹಡಿಯ ಮೇಲೆ ಅದೇ ಡಬ್ಬಿ ತುಂಬುತ್ತಿದೆ, ಖಾಲಿಯಾಗುತ್ತಿದೆ.

ಲೆಕ್ಕದಲ್ಲಿ ತಪ್ಪಿಲ್ಲ ಎಂದಮೇಲೆ ಹೆಜ್ಜೆ ತಪ್ಪುವುದೆಲ್ಲಿ? ಬೋರ್ಡು ಹೇಳಿದ್ದಕ್ಕೂ ಸ್ಕ್ರೂ ತಿರುಗಿದ್ದಕ್ಕೂ ನಡುವೆ, ಅಂದರೆ ವೈರುಗಳಲ್ಲಿ.

ಮೋಟರಿನಿಂದ ನಾಲ್ಕು ವೈರು ಹೊರಬರುತ್ತವೆ, ಸುರುಳಿಗೆ ಎರಡರಂತೆ. ಬಣ್ಣ ನಂಬುವ ಹಾಗಿಲ್ಲ, ತಯಾರಕರಿಗೊಂದು ಪದ್ಧತಿ. ಮಲ್ಟಿಮೀಟರಿನಲ್ಲಿ ಬೀಪ್ ಬರುವ ಜೋಡಿ ಹುಡುಕಬಹುದು. ಮೀಟರಿಲ್ಲದೆಯೂ ಆಗುತ್ತದೆ. ಯಾವುದಾದರೂ ಎರಡು ವೈರಿನ ತುದಿ ಸೇರಿಸಿ ಹಿಡಿದು ಮೋಟರಿನ ದಂಡವನ್ನು ಬೆರಳಿನಿಂದ ತಿರುಗಿಸಿ. ಸಲೀಸಾಗಿ ತಿರುಗಿದರೆ ಅವು ಜೋಡಿಯಲ್ಲ. ಕಟಕಟ ಎಂದು ತಡೆದು ತಿರುಗಿದರೆ ಒಂದೇ ಸುರುಳಿಯ ಎರಡು ತುದಿ ಸಿಕ್ಕಿದವು. ಅಯಸ್ಕಾಂತ ತಿರುಗಿದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ತುದಿಗಳು ಸೇರಿರುವುದರಿಂದ ಅದು ಹರಿಯುತ್ತದೆ, ಹರಿದು ತನ್ನನ್ನು ಹುಟ್ಟಿಸಿದ ತಿರುಗಾಟವನ್ನೇ ತಡೆಯುತ್ತದೆ. ಜೋಗದ ವಿದ್ಯುದಾಗಾರದಲ್ಲಿ ಶರಾವತಿಯ ನೀರು ತಳ್ಳಬೇಕಾಗಿರುವುದೂ ಇದೇ ತಡೆಯನ್ನು. ಹೆಬ್ಬೆರಳು ತೋರುಬೆರಳಿನ ನಡುವೆ ಅದನ್ನು ಹಿಡಿದು ನೋಡುವ ಅವಕಾಶವನ್ನು ಶಾಲೆಯ ಪ್ರತಿ ಮಗುವಿಗೂ ಕೊಡಬೇಕು.

ಜೋಡಿಗಳನ್ನು ಡ್ರೈವರಿಗೆ, ಅಂದರೆ ಬೋರ್ಡು ಹೇಳಿದಂತೆ ಸುರುಳಿಗಳಿಗೆ ಕರೆಂಟು ಹಂಚುವ ಪೆಟ್ಟಿಗೆಗೆ, ಕೊಡುವಾಗ ಒಂದು ಮಾತು ನೆನಪಿರಲಿ: ಕರೆಂಟು ಇರುವಾಗ ಮೋಟರಿನ ವೈರನ್ನು ಕೀಳಬಾರದು. ಸುರುಳಿಯಲ್ಲಿ ಹರಿಯುತ್ತಿರುವ ಕರೆಂಟು ಏಕಾಏಕಿ ನಿಲ್ಲಲು ಒಪ್ಪುವುದಿಲ್ಲ. ದಾರಿ ಕಡಿದುಹೋದರೆ ತನ್ನ ವೋಲ್ಟೇಜನ್ನು ಎತ್ತರಕ್ಕೆ ಏರಿಸಿಕೊಂಡು ಹಾರುತ್ತದೆ, ಡ್ರೈವರಿನ ಒಳಗಿನ ಟ್ರಾನ್ಸಿಸ್ಟರುಗಳು ಸುಟ್ಟುಹೋಗುತ್ತವೆ. ಸಡಿಲ ಸ್ಕ್ರೂ ಕೂಡ ವೈರು ಕಿತ್ತ ಹಾಗೆಯೇ. ಆದ್ದರಿಂದ ಪ್ರತಿ ತುದಿಗೂ ಲಗ್ಸ್ ಹಾಕಿ ಒತ್ತಬೇಕು. ಎಳೆವೈರಿನ ತುದಿಗೆ ಬೆಸುಗೆ ಸವರಿ ಸ್ಕ್ರೂವಿನಡಿ ಬಿಗಿಯುವುದು ಅಂದವಾಗಿ ಕಾಣುತ್ತದೆ. ಆದರೆ ಬೆಸುಗೆ ಮೆತ್ತನೆಯ ಲೋಹ, ಒತ್ತಡದಲ್ಲಿ ತಿಂಗಳುಗಟ್ಟಲೆ ಮೆಲ್ಲಗೆ ಚಪ್ಪಟೆಯಾಗುತ್ತ ಹೋಗಿ ಹಿಡಿತ ಸಡಿಲವಾಗುತ್ತದೆ.

ಇಲ್ಲಿ ಮಾವನಿಗೆ ಒಂದು ಅನುಮಾನ ಬಂತು. ಮೋಟರಿನ ಮೇಲೆ 2.8 ಆಂಪಿಯರ್ ಎಂದಿದೆ. ಸುರುಳಿಯ ರೋಧ 0.9 ಓಮ್. ಗುಣಿಸಿದರೆ ಸುಮಾರು ಎರಡೂವರೆ ವೋಲ್ಟು ಸಾಕು. ಮತ್ತೆ ಮೋಟರಿಗೆ ಕರೆಂಟು ಒದಗಿಸಲು 36 ವೋಲ್ಟಿನ ಎಸ್‌ಎಂಪಿಎಸ್ ಯಾಕೆ? ಸುಟ್ಟುಹೋಗುವುದಿಲ್ಲವೆ?

ಸುರುಳಿಯ ಸ್ವಭಾವವೇ ಉತ್ತರ. ತುಂಬಿದ ಗಾಡಿಯನ್ನು ನಿಂತಲ್ಲಿಂದ ಕದಲಿಸಲು ಬೇಕಾದ ಬಲ ಬೇರೆ, ಉರುಳುತ್ತಿರುವಾಗ ಬೇಕಾದ ಬಲ ಬೇರೆ. ಸುರುಳಿಯಲ್ಲೂ ಕರೆಂಟು ಏರಲು ಹೊತ್ತು ಬೇಕು. ಯಂತ್ರ ನಿಮಿಷಕ್ಕೆ 1,500 ಮಿಲಿಮೀಟರ್ ಓಡುವಾಗ ಮೋಟರು ಸೆಕೆಂಡಿಗೆ ಐದು ಸುತ್ತು, ಅಂದರೆ 1,000 ಪೂರ್ತಿ ಹೆಜ್ಜೆ. ಒಂದು ಹೆಜ್ಜೆಗೆ ಸಿಗುವ ಸಮಯ ಸೆಕೆಂಡಿನ ಸಾವಿರದ ಒಂದು ಭಾಗ. ಎರಡೂವರೆ ವೋಲ್ಟು ಕೊಟ್ಟರೆ ನನ್ನ ಮೋಟರಿನಂಥದ್ದರಲ್ಲಿ ಕರೆಂಟು ಪೂರ್ತಿ ಏರಲು ಅದರ ಏಳೆಂಟು ಪಟ್ಟು ಹೊತ್ತು ಬೇಕು. ಅಷ್ಟರಲ್ಲಿ ಮುಂದಿನ ಹೆಜ್ಜೆಗಳ ಸರದಿ ಬಂದಾಗಿರುತ್ತದೆ, ಮೋಟರು ನಡುಗಿ ನಿಲ್ಲುತ್ತದೆ. 36 ವೋಲ್ಟು ಕೊಟ್ಟರೆ ಆ ಸಾವಿರದ ಒಂದು ಭಾಗದಲ್ಲೂ ಐದರಲ್ಲೊಂದು ಪಾಲು ಸಮಯ ಸಾಕು. ಕರೆಂಟು 2.8ಕ್ಕೆ ಮುಟ್ಟಿದ ಕೂಡಲೇ ಡ್ರೈವರು ಸ್ವಿಚ್ಚು ಆರಿಸುತ್ತದೆ, ಇಳಿದರೆ ಹಾಕುತ್ತದೆ, ಸೆಕೆಂಡಿಗೆ ಸಾವಿರಾರು ಸಲ. ಆದ್ದರಿಂದ ಡ್ರೈವರಿನ ಪುಟ್ಟ ಸ್ವಿಚ್ಚುಗಳಲ್ಲಿ ಆಂಪಿಯರು ಸರಿಯಾಗಿ ಇಟ್ಟಿರಬೇಕು. ಜಾಸ್ತಿ ಇಟ್ಟರೆ ಮೋಟರು ಕೈ ಇಡಲಾಗದಷ್ಟು ಕಾಯುತ್ತದೆ. ಕಡಿಮೆ ಇಟ್ಟರೆ ಗಟ್ಟಿ ಮರ ಎದುರಾದಾಗ ಹೆಜ್ಜೆ ತಪ್ಪುತ್ತದೆ.

ಯಂತ್ರ ಅಂಚಿಗೆ ಬಂದಾಗ ತಿಳಿಸುವ ಮಿತಿ ಸ್ವಿಚ್ಚುಗಳ ವೈರು ಸೇರುವುದು ಬೋರ್ಡಿನ ಮೇಲೆ ಕೂರುವ ಶೀಲ್ಡ್ ಎಂಬ ಹಲಗೆಗೆ. ಅದರಲ್ಲಿ ಒಂದು ಹಳೆಯ ಗೊಂದಲ ಇದೆ, ಹೇಳಿಬಿಡುತ್ತೇನೆ. ಅಗ್ಗಕ್ಕೆ ಸಿಗುವ ಮೂರನೆಯ ಆವೃತ್ತಿಯ ಶೀಲ್ಡಿನಲ್ಲಿ ಝಡ್ (ಮೇಲೆ-ಕೆಳಗಿನ ದಿಕ್ಕಿನ) ಮಿತಿ ಎಂದು ಅಚ್ಚಾದ ಜಾಗ 11ನೆಯ ಪಿನ್ನಿಗೆ ಹೋಗುತ್ತದೆ. ಗ್ರಬಲ್‌ನ ಹೊಸ ಆವೃತ್ತಿ ಅದನ್ನು ಓದುವುದು 12ರಲ್ಲಿ. ಆದ್ದರಿಂದ 12ಕ್ಕೆ ಹೋಗುವ, ಸ್ಪಿಂಡಲ್ ಎಂದು ಬರೆದಿರುವ ಜಾಗಕ್ಕೆ ಝಡ್ ಸ್ವಿಚ್ಚಿನ ವೈರು ಕೊಡಬೇಕು. ಇದು ಗೊತ್ತಿಲ್ಲದೆ ಎರಡು ಸಂಜೆ ಒಳ್ಳೆಯ ಸ್ವಿಚ್ಚುಗಳನ್ನು ಬಿಚ್ಚಿ ಬಿಚ್ಚಿ ನೋಡಿದ್ದೇನೆ.

ಯಂತ್ರ ಓಡಿತು. ಪೆನ್ನು ಕಟ್ಟಿ ಕಾಗದದ ಮೇಲೆ ಚೌಕ ಬರೆಸಿದೆ, ಚೆನ್ನಾಗಿ ಬಂತು. ಪೆನ್ನು ತೆಗೆದು ಟ್ರಿಮ್ಮರ್ ಕೂರಿಸಿ ಹಲಗೆಗೆ ಇಳಿಸಿದರೆ ಹತ್ತು ಸೆಕೆಂಡಿಗೆಲ್ಲ ನಿಂತುಹೋಯಿತು. ಪರದೆಯ ಮೇಲೆ ‘ಅಲಾರಂ 1’. ಅಂಚಿನ ಮಿತಿಯ ಸ್ವಿಚ್ಚು ಒತ್ತಿದೆ ಎಂದು ಅರ್ಥ. ಸ್ವಿಚ್ಚು ಇದ್ದದ್ದು ಒಂದು ಗೇಣು ದೂರದಲ್ಲಿ, ಯಾರೂ ಮುಟ್ಟಿರಲಿಲ್ಲ. ಮತ್ತೆ ಓಡಿಸಿದೆ, ಮತ್ತೆ ನಿಂತಿತು. ಟ್ರಿಮ್ಮರ್ ಆರಿಸಿ ಗಾಳಿಯಲ್ಲಿ ಓಡಿಸಿದರೆ ಗಂಟೆಗಟ್ಟಲೆ ಓಡುತ್ತದೆ. ಟ್ರಿಮ್ಮರ್ ಹಾಕಿದರೆ ಸಾಕು, ಅಲಾರಂ.

ಮಾವ ಎದ್ದು ಹೋಗಿ ತಮ್ಮ ಚೀಲದಿಂದ ಅಂಗೈಯಗಲದ ಟ್ರಾನ್ಸಿಸ್ಟರ್ ರೇಡಿಯೋ ತಂದರು. ಬೆಳಿಗ್ಗೆ ಚಿಂತನ, ವಾರ್ತೆ ಕೇಳದೆ ಅವರ ದಿನ ಶುರುವಾಗುವುದಿಲ್ಲ. ಆಕಾಶವಾಣಿ ಭದ್ರಾವತಿಯ 675 ಕಿಲೋಹರ್ಟ್ಸ್ ಬಿಟ್ಟು ಅವರ ಮುಳ್ಳು ಬೇರೆ ಕಡೆ ಹೋದದ್ದು ಕಡಿಮೆ. ಅವತ್ತು ಮುಳ್ಳನ್ನು ಸ್ವಲ್ಪ ಸರಿಸಿ, ಯಾವ ನಿಲಯವೂ ಇಲ್ಲದ ಕಡೆ ಇಟ್ಟು, ಸದ್ದು ಜೋರು ಮಾಡಿ, “ಈಗ ಹಾಕು” ಅಂದರು. ಟ್ರಿಮ್ಮರ್ ಹಾಕಿದೆ. ಕಿವಿಗಡಚಿಕ್ಕುವ ಹಾಗೆ ಗರ್ರೆಂದಿತು ರೇಡಿಯೋ. ಅವರು ಅದನ್ನು ಯಂತ್ರದ ಸುತ್ತ ಮೆಲ್ಲಗೆ ಒಯ್ದರು. ಟ್ರಿಮ್ಮರಿನ ಬಳಿ ಜೋರು, ಚೌಕಟ್ಟಿನ ಮೂಲೆಯಲ್ಲಿ ಕಡಿಮೆ. ಮಿತಿ ಸ್ವಿಚ್ಚಿನ ಉದ್ದನೆಯ ವೈರು ಟ್ರಿಮ್ಮರಿನ ವೈರಿನ ಜೊತೆ ಒಂದೇ ಕಟ್ಟಿನಲ್ಲಿ ಬರುತ್ತಿದ್ದ ಜಾಗಕ್ಕೆ ಬಂದಾಗ ಮತ್ತೆ ಜೋರು. ಆ ವೈರು ಹಿಡಿದು ಹೋದಷ್ಟು ದೂರವೂ ಗರಗರ ಹಿಂಬಾಲಿಸಿತು, ಬೋರ್ಡಿನ ಬಾಗಿಲವರೆಗೆ.

“ಮಿಕ್ಸಿ ಹಾಕಿದ್ರೆ ರೇಡಿಯೋ ಗರಗರ ಅನ್ನಲ್ವೇನೋ, ಅದೇ ಇದು” ಅಂದರು ಮಾವ.

ಅದೇ. ಮಿಕ್ಸಿಯಲ್ಲೂ ಟ್ರಿಮ್ಮರಿನಲ್ಲೂ ಇರುವುದು ಒಂದೇ ಜಾತಿಯ ಮೋಟರು. ಇದ್ದಿಲಿನ ಬ್ರಷ್ಷುಗಳು ತಾಮ್ರದ ಪಟ್ಟಿಗಳ ಮೇಲೆ ಉಜ್ಜುತ್ತ ಕ್ಷಣಕ್ಷಣಕ್ಕೂ ಕಿಡಿ ಹಾರಿಸುತ್ತವೆ. ರೇಡಿಯೋದ ಮೊದಲ ದಿನಗಳಲ್ಲಿ ಸಂದೇಶ ಕಳಿಸುತ್ತಿದ್ದದ್ದೇ ಇಂಥ ಕಿಡಿಗಳಿಂದ. ಪ್ರತಿ ಕಿಡಿಯೂ ಒಂದು ಪುಟ್ಟ ರೇಡಿಯೋ ನಿಲಯ, ಹತ್ತಿರದ ಉದ್ದನೆಯ ವೈರು ಅದರ ಏರಿಯಲ್. ನಾನು ಸ್ವಿಚ್ಚು ಕೊಟ್ಟ ರೀತಿಯಲ್ಲೂ ತಪ್ಪಿತ್ತು. ಒತ್ತಿದಾಗ ಮಾತ್ರ ಕೂಡುವ ತುದಿಗೆ ಕೊಟ್ಟಿದ್ದೆ. ಒತ್ತದಿರುವಾಗ ಆ ವೈರು ಒಂದು ಕಡೆ ಎಲ್ಲಿಗೂ ಸೇರಿರುವುದಿಲ್ಲ. ಚಿಪ್ಪಿನ ಒಳಗಿರುವ 20ರಿಂದ 50 ಸಾವಿರ ಓಮಿನ ರೋಧವೊಂದು ಅದನ್ನು 5 ವೋಲ್ಟಿನಲ್ಲಿ ಎತ್ತಿ ಹಿಡಿದಿರುತ್ತದೆ. ಕಿರುಬೆರಳಲ್ಲಿ ಹಿಡಿದ ಹಾಗೆ. ಕಿಡಿಯ ಅಲೆ ಬಂದು ತಟ್ಟಿದರೆ ಕೆಳಗೆ ಬೀಳುತ್ತದೆ, ಬೋರ್ಡು ಸ್ವಿಚ್ಚು ಒತ್ತಿತು ಎಂದುಕೊಳ್ಳುತ್ತದೆ.

ಆ ಸಂಜೆ ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಿದೆವು. ಸ್ವಿಚ್ಚುಗಳನ್ನು ಸದಾ ಕೂಡಿರುವ, ಒತ್ತಿದಾಗ ಬಿಡುವ ತುದಿಗೆ ಬದಲಾಯಿಸಿ, ಗ್ರಬಲ್‌ನ ಐದನೆಯ ಸೆಟ್ಟಿಂಗನ್ನು 1 ಮಾಡಿದೆವು. ಈಗ ವೈರು ಸಾಮಾನ್ಯ ಸ್ಥಿತಿಯಲ್ಲಿ ನೇರವಾಗಿ ನೆಲದ ವೋಲ್ಟೇಜಿಗೆ ಬಿಗಿದಿದೆ, ಅಲೆ ಬಂದರೂ ಅಲುಗುವುದು ಕಷ್ಟ. ಇನ್ನೊಂದು ಲಾಭ ಇದಕ್ಕಿಂತ ದೊಡ್ಡದು: ಇಲಿ ವೈರು ಕಡಿದರೂ, ಲಗ್ಸ್ ಕಳಚಿದರೂ ಅದು ಸ್ವಿಚ್ಚು ಒತ್ತಿದಂತೆಯೇ ಕಾಣುತ್ತದೆ, ಯಂತ್ರ ನಿಲ್ಲುತ್ತದೆ. ಹಿಂದಿನ ರೀತಿಯಲ್ಲಿ ತುಂಡಾದ ವೈರು ಬೇಕಾದಾಗ ಬಾಯಿ ಬಿಡುತ್ತಿರಲಿಲ್ಲ, ಯಂತ್ರ ಚೌಕಟ್ಟಿಗೆ ಹೋಗಿ ಗುದ್ದುತ್ತಿತ್ತು. ಜೊತೆಗೆ ಪ್ರತಿ ಪಿನ್ನಿಗೂ 5 ವೋಲ್ಟಿನ ಕಡೆಯಿಂದ 2.2 ಸಾವಿರ ಓಮಿನ ರೋಧ, ನೆಲಕ್ಕೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್. ಸೂಜಿಯಂಥ ಅಲೆಗಳನ್ನು ಕೆಪಾಸಿಟರ್ ನುಂಗಿಕೊಳ್ಳುತ್ತದೆ. ನಿಜವಾದ ಸ್ವಿಚ್ಚಿನ ಸುದ್ದಿ ಸೆಕೆಂಡಿನ ನಾಲ್ಕೈದು ಸಾವಿರದ ಒಂದು ಭಾಗದಷ್ಟು ತಡವಾಗಿ ತಲುಪುತ್ತದೆ, ಅದರಿಂದ ನಷ್ಟವಿಲ್ಲ. ಸ್ವಿಚ್ಚಿಗೆ ಲೋಹದ ಬಲೆ ಸುತ್ತಿದ ಕೇಬಲ್ ಹಾಕಿ, ಬಲೆಯನ್ನು ಬೋರ್ಡಿನ ಕಡೆಯ ತುದಿಯಲ್ಲಿ ಮಾತ್ರ ನೆಲಕ್ಕೆ ಸೇರಿಸಿದೆವು. ಎರಡೂ ತುದಿ ಸೇರಿಸಿದರೆ ಬಲೆಯೇ ಒಂದು ಸುತ್ತುದಾರಿಯಾಗಿ, ತಡೆಯಬೇಕಾದ ಕರೆಂಟು ಅದರಲ್ಲೇ ಹರಿಯಲು ಶುರುವಾಗಬಹುದು. ಟ್ರಿಮ್ಮರಿನ ವೈರನ್ನು ಮೇಲಿನಿಂದ, ಸ್ವಿಚ್ಚಿನ ವೈರನ್ನು ಕೆಳಗಿನಿಂದ ತಂದೆವು. ಅಡ್ಡ ದಾಟಲೇಬೇಕಾದ ಕಡೆ ಕತ್ತರಿಯ ಹಾಗೆ ಅಡ್ಡಲಾಗಿ ದಾಟಿಸಿದೆವು, ಜೊತೆಯಾಗಿ ಓಡಲು ಬಿಡಲಿಲ್ಲ.

ಅಲಾರಂ ಮತ್ತೆ ಬರಲಿಲ್ಲ. ಆದರೆ ಮಳೆ ಹಿಡಿದ ವಾರದಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಬರಿಗಾಲಲ್ಲಿ ನಿಂತು ಚೌಕಟ್ಟು ಮುಟ್ಟಿದರೆ ಇರುವೆ ಹರಿದ ಹಾಗೆ ಜುಮ್ಮೆನ್ನುತ್ತಿತ್ತು. ಟೆಸ್ಟರ್ ಇಟ್ಟರೆ ಮಿಣಿಮಿಣಿ ಬೆಳಕು. ಮೀಟರಿನಲ್ಲಿ 110ರ ಆಸುಪಾಸು. ಎಸ್‌ಎಂಪಿಎಸ್ ಒಳಗೆ ಫೇಸಿನಿಂದಲೂ ನ್ಯೂಟ್ರಲಿನಿಂದಲೂ ಅದರ ಲೋಹದ ಮೈಗೆ ಒಂದೊಂದು ಸಣ್ಣ ಕೆಪಾಸಿಟರ್ ಇರುತ್ತದೆ. ಗದ್ದಲವನ್ನು ಭೂಮಿಗೆ ಇಳಿಸಲು ಇಟ್ಟವು. ಭೂಮಿಯ ವೈರು ನಿಜವಾಗಿ ಭೂಮಿಗೆ ತಲುಪಿಲ್ಲವಾದರೆ ಲೋಹದ ಮೈ 230 ವೋಲ್ಟಿನ ನಡುವೆ ಎಲ್ಲೋ ತೇಲುತ್ತದೆ. ನಮ್ಮದು ಎರಡು ಪಿನ್ನಿನ ಕಾಲದ ವೈರಿಂಗಿನ ಮನೆ. ಯಾವಾಗಲೋ ಮೂರು ಪಿನ್ನಿನ ಸಾಕೆಟ್ ಕೂರಿಸಿದವರು ಮೂರನೆಯ ತೂತಿನ ಹಿಂದೆ ಏನನ್ನೂ ಕೊಟ್ಟಿರಲಿಲ್ಲ. ಜುಮ್ಮೆನ್ನುವುದು ತಾನಾಗಿ ಕೊಲ್ಲುವುದಿಲ್ಲ, ಆದರೆ ಒಳಗೆ ಫೇಸ್ ವೈರು ಮೈಗೆ ತಗುಲಿದ ದಿನ ಅದನ್ನು ತಡೆಯುವವರು ಯಾರೂ ಇಲ್ಲ ಎಂಬ ಎಚ್ಚರಿಕೆ ಅದು. ಸಿಎನ್‌ಸಿ ಕಟ್ಟುವ ಎಳೆಯರನ್ನು ನಾನು ಕೈಮುಗಿದು ಕೇಳಿಕೊಳ್ಳುವುದು ಇದೊಂದೇ: ಮೋಟರು ತರಿಸುವ ಮೊದಲು ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ಅರ್ತಿಂಗ್ ಪರೀಕ್ಷೆ ಮಾಡಿಸಿ, ಸೋರುವ ಕರೆಂಟಿಗೆ ಟ್ರಿಪ್ ಆಗುವ ಆರ್‌ಸಿಸಿಬಿ ಹಾಕಿಸಿ. ಅಲ್ಯೂಮಿನಿಯಂ ಚೌಕಟ್ಟಿಗೂ ಹಸಿರು ವೈರು ಹೋಗಬೇಕು. ಅದರ ಮೇಲಿನ ಲೇಪನ ವಿದ್ಯುತ್ತು ಹರಿಸುವುದಿಲ್ಲ, ಬೋಲ್ಟು ಕೂರುವಲ್ಲಿ ಕೆರೆದು ತೆಗೆಯಬೇಕು.

ಕೆಂಪು ಅಣಬೆಯಂಥ ತುರ್ತು ಗುಂಡಿ ಕೈಗೆ ಥಟ್ಟನೆ ಸಿಗುವಲ್ಲಿರಲಿ. ಅದು ಕಡಿಯಬೇಕಾದ್ದು ಟ್ರಿಮ್ಮರಿನ ಮತ್ತು ಮೋಟರುಗಳ ಕರೆಂಟನ್ನು. ಬೋರ್ಡಿನ ಯುಎಸ್‌ಬಿ ಮಾತ್ರ ಕಡಿದರೆ ಲೆಕ್ಕ ನಿಲ್ಲುತ್ತದೆ, ಟ್ರಿಮ್ಮರಿನ ಕೊರೆಯುವ ಮೊನೆ ತಿರುಗುತ್ತಲೇ ಇರುತ್ತದೆ.

ಇನ್ನು ಚೌಕಟ್ಟಿನ ಮೂಲೆ. ಮೂಲೆಮಟ್ಟ ಸಾಕು ಎಂದರೆ ಮಾವ ಒಪ್ಪಲಿಲ್ಲ, ಟೇಪು ಹಿಡಿದರು. 400 ಮಿಲಿಮೀಟರ್ ಉದ್ದ, 300 ಅಗಲದ ಆಯತದ ನಾಲ್ಕು ಮೂಲೆಗೆ ತೂತು ಕೊರೆಸಿದೆ. ಮೂರು ನಾಲ್ಕು ಐದರ ಹಳೆಯ ಲೆಕ್ಕದಂತೆ ಕರ್ಣ 500 ಬರಬೇಕು. ಒಂದು 501, ಇನ್ನೊಂದು 499. ಅಂದರೆ ಟ್ರಿಮ್ಮರ್ ಹೊತ್ತ ಅಡ್ಡದಂಡ ಕಾಲು ಇಂಚಿನ ಐದನೆಯ ಒಂದು ಭಾಗದಷ್ಟು ವಾಲಿತ್ತು. ಬೋಲ್ಟು ಸಡಿಲಿಸಿ, ತಳ್ಳಿ, ಬಿಗಿದು, ಮತ್ತೆ ಕೊರೆದು, ಮತ್ತೆ ಅಳೆದು, ನಾಲ್ಕನೆಯ ಸಲಕ್ಕೆ ಎರಡೂ 500 ಆದವು.

ಅಳಗುಳಿ ಮಣೆಯ ಹದಿನಾಲ್ಕು ಗುಳಿಗಳನ್ನು ಕೊರೆಯುವ ದಿನ ಮಾವ ಡಯಲ್ ಗೇಜ್ ತಂದಿದ್ದರು. ಸಾಗರ, ಸೊರಬದ ಗುಡಿಗಾರರು ಗಂಧದ ಮರಕ್ಕೆ ಉಳಿ ಇಡುವಾಗ ಎಳೆ ಯಾವ ಕಡೆ ಹೋಗಿದೆ ಎಂದು ಕೈಗೆ ಗೊತ್ತಾಗುತ್ತದೆ, ಉಳಿ ತಾನೇ ಓರೆಯಾಗುತ್ತದೆ. ನಮ್ಮ ಯಂತ್ರಕ್ಕೆ ಅಂಥ ಕೈಯಿಲ್ಲ. ಹಲಸಿನ ಗಂಟು ಬಂದರೂ ಅದೇ ವೇಗ. ಅದಕ್ಕೇ ವೇಗವನ್ನು ನಾವೇ ಇಳಿಸಿ ಕೊಟ್ಟೆವು. ಶುರುವಿನಲ್ಲಿ ಯಂತ್ರವನ್ನು ಸೊನ್ನೆಯ ಜಾಗದಲ್ಲಿ ನಿಲ್ಲಿಸಿ, ಗೇಜಿನ ಮೊನೆಯನ್ನು ಅಡ್ಡದಂಡಕ್ಕೆ ತಾಗಿಸಿ, ಮುಳ್ಳನ್ನು ಸೊನ್ನೆಗೆ ತಂದರು. ಅದರ ಒಂದು ಗೆರೆ ಮಿಲಿಮೀಟರಿನ ನೂರನೆಯ ಒಂದು ಭಾಗ. ಗೇಜನ್ನು ಅಲ್ಲೇ ಬಿಟ್ಟು ಕೆಲಸ ಶುರು ಮಾಡಿಸಿದೆವು.

ಒಂದೂವರೆ ಗಂಟೆ ಟ್ರಿಮ್ಮರ್ ಕೂಗಿತು. ಕೆಳಗೆ ಬಜಾರಿನ ಗದ್ದಲ ಕೇಳಿಸಲಿಲ್ಲ. ಹಳದಿ ಹೊಟ್ಟು ಮುಖಗವಸಿನ ಮೇಲೆ, ಮಾವನ ಕನ್ನಡಕದ ಮೇಲೆ ಕೂತಿತು. ಕೊನೆಯ ಗುಳಿ ಮುಗಿದು ಟ್ರಿಮ್ಮರ್ ಮೇಲೆದ್ದಿತು. ಲಕ್ಷಗಟ್ಟಲೆ ಹೆಜ್ಜೆ ಹಾಕಿ ಬಂದ ಅಡ್ಡದಂಡ ಸೊನ್ನೆಯ ಜಾಗಕ್ಕೆ ಹಿಂದಿರುಗಿ ಗೇಜಿನ ಮೊನೆಯನ್ನು ಮೆಲ್ಲಗೆ ಒತ್ತಿತು. ಮುಳ್ಳು ತಿರುಗಿ, ಸೊನ್ನೆಯ ಹತ್ತಿರ ಬಂದು, ಒಂದು ಗೆರೆ ಈಚೆಗೆ ನಿಂತಿತು.

ಮಾವ ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದರು. ಚೌಕಟ್ಟನ್ನು ಬೆರಳಿನಿಂದ ತಟ್ಟಿದರು. ಮುಳ್ಳು ಅಲುಗಲಿಲ್ಲ.

“ಇನ್ನೊಂದ್ ಸಲ ಓಡ್ಸೋ, ನೋಡಣ” ಅಂದರು.